ನೀಲಾಂಬಿಕಾ ಆಂಟಿಯ ಎರಡನೇ ಯೂನಿಟ್

ಅಮೆರಿಕದ ಎಡಿಸನ್ ಊರಿನಲ್ಲಿ ಯಾರ ಮನೆಗೆ ಊಟಕ್ಕೆ ಹೋದರೂ ನೀಲಾಂಬಿಕಾ ಆಂಟಿ ಮೊದಲು ದೀಪ ನೋಡಿ, "ಇದು ನಮ್ದ ಕರೆಂಟ್ ನೋಡ್ರಿ" ಎನ್ನುತ್ತಾರೆ. ಗ್ಯಾಸ್ ಉರಿಸಿ ವಿದ್ಯುತ್ ತಯಾರಿಸುವ ಸ್ಥಾವರದಲ್ಲಿ ಅವರು ಶಿಫ್ಟ್ ಎಂಜಿನಿಯರ್. ಟರ್ಬೈನುಗಳ ಮಾತಿಗೆ ಕೂತರೆಂದರೆ ಪಾಯಸ ಆರಿ ಕೆನೆಗಟ್ಟುತ್ತದೆ, ಮಕ್ಕಳು "ಆಂಟಿ, ಪ್ಲೀಸ್!" ಎಂದು ಓಡುತ್ತಾರೆ. ಈ ಜುಲೈಯ ಧಗೆಗೆ ಊರಿಗೆ ಊರೇ ಎಸಿ ಹಾಕಿಕೊಂಡಿದ್ದಾಗ ಸ್ಥಾವರದ ಎರಡನೇ ಯೂನಿಟ್, ಅಂದರೆ ಎರಡನೇ ಟರ್ಬೈನು, ಟ್ರಿಪ್ ಆಗಿ ನಿಂತಿತು. ದೋಷ ಸರಿಪಡಿಸಿದ ಮೇಲೆ ಆಂಟಿ ಸ್ಟಾರ್ಟ್ ಕೊಟ್ಟರು. ಒಳಗೆ ಗ್ಯಾಸ್ ಹೊತ್ತಿಕೊಂಡಿತು, ಮನೆಯಷ್ಟು ದೊಡ್ಡ ಯಂತ್ರ ಗುಂಯ್‌ಗುಡುತ್ತ ವೇಗ ಹಿಡಿಯಿತು, ಕಂಟ್ರೋಲ್ ರೂಮಿನ ನೆಲವೂ ಸಣ್ಣಗೆ ನಡುಗಿತು. ಹೊಸ ಎಂಜಿನಿಯರ್ ಸೌಜನ್ಯಾ, ಆಂಟಿಯ ತೋಳಿನ ಮೇಲೆ ರೋಮ ಎದ್ದದ್ದನ್ನು ಕಂಡು, "ಭಯ ಆಯ್ತಾ ಆಂಟಿ?" ಎಂದಳು. "ಇಲ್ಲವ್ವಾ," ಎಂದರು ಆಂಟಿ, ಕಣ್ಣೊರೆಸಿಕೊಂಡು. "ಇಪ್ಪತ್ತು ವರ್ಷ ಆತು. ಇಷ್ಟು ದೊಡ್ಡದು ನನ್ನ ಮಾತು ಕೇಳತೈತಲ್ಲ, ಇನ್ನೂ ನಂಬಿಕಿ ಬರವಲ್ದು."