ಅಚ್ಚುತಣ್ಣನ ಬ್ರಷ್ಷಿಗೆ ಅಭ್ಯಂಗ

ನನ್ನ ಟೈಲರಿಂಗ್ ಅಂಗಡಿಗೂ ಅಚ್ಚುತಣ್ಣನ ಕೋಣೆಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ. ನನ್ನ ಮೆಷಿನ್ನಿನ ಸದ್ದು ಅವರಿಗೆ, ಅವರ ಗೊಣಗಾಟ ನನಗೆ. ಸುಳ್ಯ ಪೇಟೆಯ ಅಂಗಡಿಗಳ ಬೋರ್ಡು, ಪುತ್ತೂರಿಗೆ ಓಡುತ್ತಿದ್ದ ಬಸ್ಸುಗಳ ಮೈಮೇಲಿನ ಹೆಸರು, ಎಲ್ಲ ಒಂದು ಕಾಲದಲ್ಲಿ ಅವರ ಕೈಯವೇ. ಆಮೇಲೆ ಫ್ಲೆಕ್ಸ್ ಬಂತು, ಸ್ಟಿಕ್ಕರ್ ಬಂತು. ಅಚ್ಚುತಣ್ಣ ಗೇಟು, ಗ್ರಿಲ್ಲುಗಳಿಗೆ ಬಣ್ಣ ಬಳಿಯುವವರಾದರು. ಯಾರಾದರೂ ಪೇಂಟರ್ ಎಂದರೆ ಮೂಗಿನ ತುದಿಯಲ್ಲಿ ಸಿಟ್ಟು, ಆರ್ಟಿಸ್ಟ್ ಎಂದರೆ ಇನ್ನೂ ಜಾಸ್ತಿ. ಹಾಗಾದರೆ ಏನೆಂದು ಕರೆಯಬೇಕಿತ್ತೋ ನನಗೆ ಈಗಲೂ ಗೊತ್ತಿಲ್ಲ.

ಬೋರ್ಡು ಬರೆಯುವವರಿಗೆ ಒಂದು ಶಾಸ್ತ್ರವಿದೆ. ಸಂಜೆ ಕೆಲಸ ಮುಗಿದ ಮೇಲೆ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಕೂದಲಿಗೆ ತೆಂಗಿನೆಣ್ಣೆ ಸವರಿ ಮಲಗಿಸಬೇಕು. ಇಲ್ಲದಿದ್ದರೆ ಒಳಗೆ ಉಳಿದ ಎನಾಮೆಲ್ ಎಣ್ಣೆಬಣ್ಣ ಒಣಗಿ ಕೂದಲು ಕಡ್ಡಿಯಾಗುತ್ತದೆ. ಅಚ್ಚುತಣ್ಣ ಅಂಗೈಗೆ ಎಣ್ಣೆ ಸುರಿದು ಮೊದಲು ಬ್ರಷ್ಷುಗಳಿಗೆ ಹಚ್ಚಿ, ಉಳಿದದ್ದನ್ನು ತಲೆಗೆ ಸವರಿಕೊಂಡು ಬಾಗಿಲು ಹಾಕುತ್ತಿದ್ದರು. ತಲೆಯಲ್ಲಿ ಕೂದಲು ಉಳಿಯಲಿಲ್ಲ, ಬ್ರಷ್ಷಿನಲ್ಲಿ ಉಳಿಯಿತು ಎಂದು ನಾನು ಚುಡಾಯಿಸಿದ್ದುಂಟು.

ಹೋದ ವರ್ಷ ಮಳೆ ಹಿಡಿಯುವ ಮೊದಲು ಪುತ್ತೂರಿನಿಂದ ಫಾರಿಸ್ ಎಂಬವರು ಅವರನ್ನು ಹುಡುಕಿಕೊಂಡು ಬಂದರು. ಮೊಬೈಲ್ ರಿಪೇರಿ ಅವರ ಹೊಟ್ಟೆಪಾಡು, ತೆಳು ಫೋಮ್ ಹಾಳೆ ಕತ್ತರಿಸಿ ಪುಟ್ಟ ಬಸ್ಸುಗಳನ್ನು ಕಟ್ಟುವುದು ಹುಚ್ಚು. ಅವರ ಅಜ್ಜ ಅಲಿ ಕುಂಞಿ ‘ಹೊಂಬೆಳಕು’ ಎಂಬ ಬಸ್ಸನ್ನು ಅದು ಗುಜರಿಗೆ ಹೋಗುವ ತನಕ ಓಡಿಸಿದವರು. ಈಗ ಸೊಂಟದ ಮೂಳೆ ಮುರಿದು ಈಶ್ವರಮಂಗಲದ ಮನೆಯಲ್ಲಿ ಮಲಗಿದ್ದಾರೆ, ಮಾತೂ ಕಡಿಮೆಯಾಗಿದೆ. ಅಜ್ಜನ ಕೈಯಲ್ಲಿ ಆ ಬಸ್ಸನ್ನು ಇಡಬೇಕೆಂದು ಮೊಮ್ಮಗನಿಗೆ ಆಸೆ. ಗೇಣುದ್ದದ ಬಸ್ಸು ತಯಾರಾಗಿತ್ತು, ಹೆಸರು ಮಾತ್ರ ಇರಲಿಲ್ಲ. ಕಂಪ್ಯೂಟರ್ ಅಕ್ಷರದ ಸ್ಟಿಕ್ಕರ್ ಅಂಟಿಸಿ ನೋಡಿದರಂತೆ, ಅದು ಬೇರೆ ಯಾರದೋ ಬಸ್ಸಾಯಿತು. ಆ ಹೆಸರನ್ನು ಮೊದಲು ಬರೆದವರು ಅಚ್ಚುತಣ್ಣನೇ.

ಅಚ್ಚುತಣ್ಣ ಪುಟ್ಟ ಬಸ್ಸನ್ನು ತಿರುಗಿಸಿ ತಿರುಗಿಸಿ ನೋಡಿದರು. ಫಾರಿಸ್ ಹೋದ ಮೇಲೆ ನನ್ನ ಬಾಗಿಲಿಗೆ ಬಂದು ನಿಂತರು.

“ಇದೊಂದು ಬರೆದು ನೋಡುದು ಪ್ರೀತಿಕಾ. ಕೈ ಬರದಿದ್ರೆ ಕೋಣೆ ಬಿಟ್ಟುಕೊಡುದು. ಗೇಟಿಗೆ ಬಣ್ಣ ಬಳಿಲಿಕ್ಕೆ ಕೋಣೆ ಎಂತಕ್ಕೆ?”

ಅವರು ತಮಾಷೆ ಮಾಡುತ್ತಿರಲಿಲ್ಲ. ಗೊಣಗಾಟವಿಲ್ಲದ ಆ ಹಲಗೆ ಗೋಡೆಯನ್ನು ಯೋಚಿಸಲೂ ನನಗೆ ಮನಸ್ಸಿರಲಿಲ್ಲ.

ಎನಾಮೆಲ್ ತಾಗಿದರೆ ಫೋಮ್ ಕರಗುತ್ತದೆ. ಹಾಗಾಗಿ ನೀರಿನಲ್ಲಿ ಕಲಸುವ ಬಣ್ಣವೇ ಆಗಬೇಕು ಎಂದು ಫಾರಿಸ್ ಡಬ್ಬಿಗಳನ್ನೂ ಕೊಟ್ಟು ಹೋಗಿದ್ದರು. ಅಕ್ಷರ ಅಕ್ಕಿಕಾಳಿನಷ್ಟು, ಆದ್ದರಿಂದ ಬ್ರಷ್ಷೂ ಅಷ್ಟೇ ಸಣ್ಣದಿರಬೇಕು ಎಂದುಕೊಂಡು ಅಚ್ಚುತಣ್ಣ ನಂಬರಿನಲ್ಲಿ ಸೊನ್ನೆಯ ಮೇಲೆ ಸೊನ್ನೆ ಇದ್ದ, ಎಲ್ಲಕ್ಕಿಂತ ಸಣ್ಣ ಬ್ರಷ್ಷನ್ನು ತಂದರು. ಅದರಲ್ಲಿ ನಾಲ್ಕು ಕೂದಲಿದ್ದರೆ ಹೆಚ್ಚು. ಬಣ್ಣ ತೆಗೆದುಕೊಂಡು ಬಸ್ಸಿನ ಹತ್ತಿರ ತರುವಷ್ಟರಲ್ಲಿ ತುದಿಯಲ್ಲೇ ಒಣಗಿಹೋಗುತ್ತಿತ್ತು. ಒಂದು ಗೆರೆ ಎಳೆಯಲು ಮೂರು ಸಲ ಅದ್ದಬೇಕು, ಮೂರೂ ಸಲ ಗೆರೆ ತುಂಡು.

ಮರುದಿನ ನನ್ನನ್ನೂ ಎಳೆದುಕೊಂಡು ಪುತ್ತೂರಿಗೆ ಹೋದರು. ಗುಂಡಿ ತರಲಿಕ್ಕೆ ನನಗೂ ಹೋಗಲಿಕ್ಕಿತ್ತು ಎನ್ನಿ. ಮಹಾಬಲ ಎಂಬವರ ಸ್ಟೇಷನರಿ ಅಂಗಡಿಯಲ್ಲಿ ಅಚ್ಚುತಣ್ಣ ಒಂದು ಲೋಟ ನೀರು ಕೇಳಿ, ಅದರಲ್ಲಿ ಬ್ರಷ್ಷುಗಳನ್ನು ಒಂದೊಂದಾಗಿ ಅದ್ದಿ, ಮಣಿಕಟ್ಟು ಝಾಡಿಸಿ, ಬೆಳಕಿಗೆ ಹಿಡಿಯತೊಡಗಿದರು. ತುದಿ ಸೀಳಿದ್ದು ಒಂದು ಕಡೆ, ನೀರು ಹಿಡಿಯುವ ಹೊಟ್ಟೆಯೇ ಇಲ್ಲದ್ದು ಇನ್ನೊಂದು ಕಡೆ. ಮಹಾಬಲರ ಬಿಲ್ ಪುಸ್ತಕಕ್ಕೂ ನನ್ನ ಸೀರೆಗೂ ಹನಿ ಬಿತ್ತು. ಮದುವೆಗೆ ಹುಡುಗಿ ನೋಡಲಿಕ್ಕೆ ಹೋದಾಗಲೂ ಇಷ್ಟು ನೋಡಿರಲಿಕ್ಕಿಲ್ಲ ಎಂದು ಮಹಾಬಲರು ಗೊಣಗಿದರು. ಕೊನೆಗೆ ಗೆದ್ದದ್ದು ಎರಡನೇ ನಂಬರಿನ ಒಂದು ಬ್ರಷ್ಷು. ನೋಡಲು ದಪ್ಪ, ಆದರೆ ಒದ್ದೆಯಾದಾಗ ಹೊಟ್ಟೆ ತುಂಬ ನೀರು ಹಿಡಿದು, ತುದಿ ನನ್ನ ಸಣ್ಣ ಸೂಜಿಯ ಮೊನೆಯಷ್ಟು ಚೂಪಾಗಿ ನಿಲ್ಲುತ್ತಿತ್ತು.

ಆ ದಿನ ಸಂಜೆ ಹಳೆಯ ರಟ್ಟಿನ ಮೇಲೆ ‘ಹೊಂಬೆಳಕು’ ಎಂದು ಬರೆದು ತೋರಿಸಿದರು. ಅಕ್ಷರ ಮುತ್ತಿನಂತಿತ್ತು, ಕೊನೆಯ ‘ಕು’ವಿನ ಕೊಂಬು ಅವರ ಹಳೆಯ ಬೋರ್ಡುಗಳಲ್ಲಿದ್ದಂತೆಯೇ ಉದ್ದಕ್ಕೆ ಬಳುಕಿತ್ತು. ಗೆದ್ದೆವು ಎಂದುಕೊಂಡು ನಾನು ನೆಮ್ಮದಿಯಿಂದ ಮನೆಗೆ ಹೋದೆ.

ಬೆಳಿಗ್ಗೆ ನೋಡಿದರೆ ಅಚ್ಚುತಣ್ಣ ತಲೆಗೆ ಕೈ ಹೊತ್ತು ಕುಳಿತಿದ್ದರು. ಬಣ್ಣ ಬಸ್ಸಿನ ಮೈಯಲ್ಲಿ ನಿಲ್ಲುತ್ತಿರಲಿಲ್ಲ. ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಹನಿಹನಿಯಾಗಿ ಸರಿದು ಹೋಗುತ್ತಿತ್ತು. ಒರೆಸಿ ಬರೆದರೂ ಅಷ್ಟೇ, ಒಣಗಿಸಿ ಬರೆದರೂ ಅಷ್ಟೇ. ನಿನ್ನೆ ಬಂದದ್ದು ಇವತ್ತು ಬರುವುದಿಲ್ಲವೆಂದರೆ ತಪ್ಪು ಕೈಯದೇ ಅಲ್ಲವೇ ಎಂದರು. ಬಣ್ಣ ಹಾಳಾಗಿರಬಹುದು ಎಂದು ನಾನು ನನಗೆ ತಿಳಿದದ್ದನ್ನೆಲ್ಲ ಹೇಳಿದೆ. ಅವರು ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಫಾರಿಸರಿಗೆ ಫೋನು ಮಾಡಿ, ಬಸ್ಸನ್ನು ತೆಗೆದುಕೊಂಡು ಹೋಗಿ ಎಂದುಬಿಟ್ಟರು. ಇಷ್ಟು ವರ್ಷ ಗೊಣಗಿದ ಮನುಷ್ಯ ಇಷ್ಟು ಸುಮ್ಮನೆ ಸೋಲುತ್ತಾನಲ್ಲ ಎಂದು ನನಗೆ ಸಿಟ್ಟೇ ಬಂತು.

ಊಟದ ಬುತ್ತಿ ತಂದ ಅವರ ಹೆಂಡತಿ ಸೇವಂತಿಯಕ್ಕ, ಜಾಗ ಮಾಡಲೆಂದು ಬ್ರಷ್ಷಿದ್ದ ಲೋಟವನ್ನು ಸರಿಸಹೋದವರು ಅಲ್ಲೇ ನಿಂತರು. ಒಗ್ಗರಣೆ ಹಾಕಿದ ಸಾರಿನಂತೆ ಆ ನೀರಿನ ಮೇಲೆ ಎಣ್ಣೆ ತೇಲುತ್ತಿತ್ತು. ನಿನ್ನೆ ಸಂಜೆ ಬ್ರಷ್ಷಿಗೆ ಎಂತ ಮಾಡಿದಿರಿ ಎಂದು ಕೇಳಿದರು. ಎಂತ ಮಾಡುವುದು, ದಿನಾ ಮಾಡುವುದನ್ನೇ ಮಾಡಿದೆ, ಎಣ್ಣೆ ಹಚ್ಚಿ ಮಲಗಿಸಿದೆ ಎಂದರು ಅಚ್ಚುತಣ್ಣ. ಹೇಳಿದ ಮೇಲೆ ಬಾಯಿ ತೆರೆದೇ ಉಳಿಯಿತು. ಎಣ್ಣೆಬಣ್ಣಕ್ಕೆ ಹೊಂದುತ್ತಿದ್ದ ಶಾಸ್ತ್ರ ನೀರಿನ ಬಣ್ಣಕ್ಕೆ ಶನಿಯಾಗಿತ್ತು. ಬಾಗಿಲು ಹಾಕುವ ಹೊತ್ತಿಗೆ ಆ ಅಭ್ಯಂಗವನ್ನು ದಿನಾ ನೋಡುತ್ತಿದ್ದ ನನಗೂ ಹೊಳೆದಿರಲಿಲ್ಲ ನೋಡಿ.

ಸೇವಂತಿಯಕ್ಕ ತಮ್ಮ ಅರೆಭಾಷೆಯಲ್ಲಿ ಒಂದೇ ಮಾತು ಹೇಳಿದರು, “ಎಣ್ಣೆ ಹಾಕಿರೆ ಮತ್ತೆ ಮೀಯೊಕಲ್ಲ?”

ಎಣ್ಣೆ ಹಾಕಿದ ಮೇಲೆ ಸ್ನಾನವೂ ಆಗಬೇಕಲ್ಲ! ಅಂಗಡಿಯ ಹಿಂದಿದ್ದ ದಾಸವಾಳದ ಎಲೆ ಕಿತ್ತು ಹಿಸುಕಿ, ತಾವು ತಲೆ ಮೀಯುವ ಲೋಳೆಯನ್ನೇ ಮಾಡಿಕೊಟ್ಟರು. ಅಚ್ಚುತಣ್ಣ ಬ್ರಷ್ಷನ್ನು ಅಂಗೈಯ ಗುಳಿಯಲ್ಲಿ ಮೆಲ್ಲಗೆ ತಿರುಗಿಸುತ್ತ, ಮಗುವಿನ ತಲೆ ತೊಳೆದಂತೆ ತೊಳೆದರು. ಒಂದು ಸಲ ಸಾಲದೆ ಮತ್ತೂ ತೊಳೆದರು. ಕೊನೆಯ ಹನಿ ಲೋಳೆಯನ್ನು ಬೆರಳ ತುದಿಯಲ್ಲಿ ಹಚ್ಚಿ ಕೂದಲನ್ನು ಕೂರಿಸಿದಾಗ ಮೊನೆ ಮತ್ತೆ ನಿಂತಿತು. ಎಣ್ಣೆ ಮೆತ್ತಿದ್ದ ಬಸ್ಸಿನ ಮೈಯನ್ನೂ ಸಾಬೂನು ನೀರಿನ ಬಟ್ಟೆಯಲ್ಲಿ ಒರೆಸಿದರು. ಫಾರಿಸ್ ಬಸ್ಸನ್ನು ಕೊಂಡೊಯ್ಯಲು ಬಂದಾಗ ‘ಹೊಂಬೆ’ ವರೆಗೆ ಬರೆದಾಗಿತ್ತು. ಅವರು ಮೆಲ್ಲಗೆ ಹಿಂದೆ ಸರಿದು ನನ್ನ ಅಂಗಡಿಗೆ ಬಂದು ಕುಳಿತರು.

ಹೆಸರು ಒಣಗಿದ ಮೇಲೆ ಫಾರಿಸರ ಕಾರಿನಲ್ಲಿ ಮೂವರೂ ಈಶ್ವರಮಂಗಲಕ್ಕೆ ಹೋಗುವಾಗ ಬಸ್ಸು ನನ್ನ ಮಡಿಲಲ್ಲಿತ್ತು, ಕೆಳಗೆ ಚೂರು ಬಟ್ಟೆಗಳ ಹಾಸಿಗೆ. ಎಲ್ಲಾದರೂ ಬಣ್ಣ ಕಿತ್ತರೆ ಇರಲಿ ಎಂದು ಅಚ್ಚುತಣ್ಣ ಡಬ್ಬಿ, ಬ್ರಷ್ಷು ಚೀಲಕ್ಕೆ ಹಾಕಿಕೊಂಡಿದ್ದರು. ಮನೆ ಮುಟ್ಟಿದ ಮೇಲೆ ಅವರ ಧೈರ್ಯವೆಲ್ಲ ಜಗಲಿಯಲ್ಲೇ ಮುಗಿಯಿತು. ನೀವು ಹೋಗಿ ಕೊಡಿ ಎಂದು ಬಾಗಿಲ ಮರೆಯಲ್ಲಿ ನಿಂತರು.

ಅಲಿ ಕುಂಞಿಯವರ ಮಗಳು ಆಯಿಶಾ ತಂದೆಯ ಬೆನ್ನಿಗೆ ದಿಂಬು ಇಟ್ಟು ಕೂರಿಸಿದರು. ಫಾರಿಸ್ ಯಾರು ಬರೆದದ್ದೆಂದು ಹೇಳದೆ ಬಸ್ಸನ್ನು ಅವರ ಕೈಗೆ ಕೊಟ್ಟರು. ಗಡಿಯಾಚೆ ಮಲಯಾಳಂ ಶಾಲೆಯಲ್ಲಿ ಕಲಿತ ಅಲಿ ಕುಂಞಿಯವರಿಗೆ ಕನ್ನಡ ಓದಲು ಬಾರದು. ಆದರೂ ಬೆರಳು ಹೆಸರಿನ ಮೇಲೆ ಹರಿಯಿತು. ಕೊನೆಯ ಅಕ್ಷರದ ಕೊಂಬು ಕಿಟಕಿಗಳ ಕೆಳಗೆ ಉದ್ದಕ್ಕೆ ಬಳುಕಿ ಹೋಗಿದ್ದಲ್ಲಿ ನಿಂತಿತು.

“ಇದು ಸುಳ್ಯದ ಅಚ್ಚುತನ ಕೈ,” ಎಂದರು. “ಅವ ಇದ್ದಾನಾ ಇನ್ನೂ?”

ಅಚ್ಚುತಣ್ಣ ಒಳಗೆ ಬಂದರು.

“ಇದ್ದೇನೆ ಅಲಿಚ್ಚ.”

ಅಲಿ ಕುಂಞಿ ಅವರನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಬಸ್ಸಿನ ಹಿಂಬದಿಯನ್ನು ಅವರ ಕಡೆಗೆ ತಿರುಗಿಸಿದರು. ಅಲ್ಲಿ ಬರಿಯ ಬಿಳಿ.

“ಹಿಂದೆ ಬರೀಲಿಲ್ವಾ ಮಾರಾಯ? ಹಿಂದಿನಿಂದ ಬರುವವನಿಗೆ ಹೆಸರು ಕಾಣುದು ಬೇಡ್ವಾ?”

ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ಅಚ್ಚುತಣ್ಣ ಮಂಚದ ಬದಿಯಲ್ಲಿ ನೆಲದ ಮೇಲೆ ಕುಳಿತು ಚೀಲ ಬಿಚ್ಚಿದರು. ಬರೆದು ಮುಗಿಯುವ ತನಕ ಅಲಿ ಕುಂಞಿ ಆ ಬಸ್ಸನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದುಕೊಂಡಿದ್ದರು.