ತಾರವ್ವನಿಗೆ ಸಿಕ್ಕಿತೆಂದು ಬರೆದ ಕೆಲಸ

ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ತಾರವ್ವ ಇಪ್ಪತ್ತಾರು ವರ್ಷ ಕಾಂಡಿ ತುಂಬಿದಳು. ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಸುರುಳಿಗೆ ಇಲ್ಲಿ ಕಾಂಡಿ ಎನ್ನುತ್ತಾರೆ. ಗಂಡ ಸಿದ್ರಾಮ ಅದೇ ಕಾರ್ಖಾನೆಯಲ್ಲಿ ಮಗ್ಗ ನಡೆಸುತ್ತಿದ್ದ. ಹೋದ ವರ್ಷ ಮಾಲೀಕ ಲಾಳಿಯೇ ಬೇಕಿಲ್ಲದ ಹೊಸ ಮಗ್ಗಗಳನ್ನು ತಂದ. ಲಾಳಿ ಇಲ್ಲದ ಮೇಲೆ ಕಾಂಡಿ ಯಾರಿಗೆ ಬೇಕು? ಸಿದ್ರಾಮ ಉಳಿದುಕೊಂಡ. ತಾರವ್ವ ಮತ್ತು ಇನ್ನೂ ಆರು ಹೆಂಗಸರು ಮನೆಗೆ ಬಂದರು.

ನಾನು ಅವರ ಗಲ್ಲಿಯವನೇ, ನಿವೃತ್ತ ಮಾಸ್ತರ. ಅದೇ ಹೊತ್ತಿಗೆ ಕೊಲ್ಹಾಪುರದ ಒಂದು ಸಂಸ್ಥೆಯವರು ನನ್ನನ್ನು ಕರೆದರು. ಫೋನಿನಲ್ಲಿ ಪುಕ್ಕಟೆ ಕೆಲಸ ಹುಡುಕಿಕೊಡುವ ಮೂರು ಆ್ಯಪ್‌ಗಳನ್ನು ದುಡಿಯುವ ಜನರಿಂದಲೇ ಪರೀಕ್ಷೆ ಮಾಡಿಸಿ, ಬಹಿರಂಗ ಸಭೆಯಲ್ಲಿ ಅವರಿಂದಲೇ ಸ್ಟಾರ್ ಕೊಡಿಸುವುದು ಅವರ ಯೋಜನೆ. ಕನ್ನಡ ಮಾತಾಡುವವರ ಅನುಭವ ಬರೆದುಕೊಳ್ಳುವುದು ನನ್ನ ಪಾಲಿಗೆ ಬಂತು. ತಾರವ್ವನ ಹೆಸರು ಕೊಟ್ಟವನು ನಾನೇ.

ಅವಳ ಮಗಳು ರುಪಾಲಿ ಫೋನು ಹಿಡಿದು ಕೂತಳು. ಏನು ಕೆಲಸ ಬರುತ್ತದೆ ಎಂದು ಕೇಳುವ ಪಟ್ಟಿಯಲ್ಲಿ ಎಂಜಿನಿಯರ್ ಇತ್ತು, ಮ್ಯಾನೇಜರ್ ಇತ್ತು, ಕಾಂಡಿ ಇರಲಿಲ್ಲ.

"ಯವ್ವಾ, 'ಇತರೆ' ಅಂತ ಒತ್ತತೇನಿ," ಎಂದಳು ರುಪಾಲಿ.

"ಒತ್ತು. ಇಷ್ಟು ವರ್ಷ ದುಡದು ಇತರೆ ಆದ್ನಿ."

ಮೊದಲ ಆ್ಯಪಿಗೆ ನಂಬರು ಕೊಟ್ಟ ಮರುದಿನದಿಂದ ಫೋನು ಬಡಿದುಕೊಳ್ಳತೊಡಗಿತು. ಒಬ್ಬ ವಿಮೆ ಮಾಡಿಸಿರಿ ಎಂದ. ಇನ್ನೊಬ್ಬ ಮಸಾಜ್ ಮಾಡಲು ಬರುತ್ತದೆಯೇ ಎಂದು ಕೇಳಿ, ಪೂರ್ತಿ ಮೈ ಕಾಣುವ ಫೋಟೋ ಕಳಿಸು ಎಂದ. ತಾರವ್ವ ಫೋನು ಕೆಳಗಿಟ್ಟು, ಅದನ್ನೂ ತನ್ನ ಕಿವಿಯನ್ನೂ ಸೆರಗಿನಿಂದ ಒರೆಸಿದಳು. ಗಂಡನಿಗೆ ಹೇಳಲಿಲ್ಲ, ನನಗೆ ಹೇಳಿದಳು. ನಾನು ಬರೆದುಕೊಂಡೆ. ಎರಡನೆಯ ಆ್ಯಪ್ ಸದ್ದೇ ಮಾಡಲಿಲ್ಲ.

ಮೂರನೆಯದು ಕೆಲಸ ತೋರಿಸಿತು: ಗಡಹಿಂಗ್ಲಜದಲ್ಲಿ ಗೋಡಂಬಿ ಪ್ಯಾಕಿಂಗ್, ನಾಳೆಯೇ ಬರಬೇಕು, ಫೋಟೋ ಹಾಕಬೇಕು. ರುಪಾಲಿ ಬಾಗಿಲಲ್ಲಿ ನಿಲ್ಲಿಸಿ ಫೋಟೋ ತೆಗೆದಳು. ಬೆಳಿಗ್ಗೆ ತಾಯಿ ಮಗಳು ಎಸ್‌ಟಿ ಬಸ್ಸು ಹಿಡಿದು ಹೋದರು. ವಿಳಾಸದ ಜಾಗದಲ್ಲಿ ತುಕ್ಕು ಹಿಡಿದ ಶಟರು, ಅದರ ಮುಂದೆ ಉಚ್ಚೆಯ ವಾಸನೆ. ಪಕ್ಕದ ಚಹಾದ ಅಂಗಡಿಯವನು ಮುಖ ನೋಡಿಯೇ ತಿಳಿದುಕೊಂಡ.

"ಮಾವಶೀ, ತುಮ್ಹೀಪಣ?" ಎಂದ, ಚಿಕ್ಕಮ್ಮಾ ನೀವೂನಾ ಎಂದು. ಉತ್ತರಿಸಿದ ಅವಳ ಮರಾಠಿಯಲ್ಲಿ ಕನ್ನಡದ ಧಾಟಿ ಕೇಳಿ ಕನ್ನಡಕ್ಕೆ ತಿರುಗಿದ. "ಅದ ಕೆಲಸ ಕೇಳ್ಕೊಂತ ನಿನ್ನೆ ನಾಕ ಮಂದಿ ಬಂದಿದ್ರಿ. ಇಲ್ಲೆ ಗೋಡಂಬಿ ಕಾರ್ಖಾನೆ ಯಾವತ್ತೂ ಇರಲಿಲ್ರಿ."

ಬಸ್ಸಿನಲ್ಲಿ ಮರಳುವಾಗ ಆ್ಯಪ್ ಕೇಳಿತು: ಸ್ಥಳಕ್ಕೆ ಹೋಗಿದ್ದಿರಾ? ಒತ್ತಲು 'ಹೌದು' ಒಂದೇ ಇತ್ತು. ಅದನ್ನು ಒತ್ತದೆ ಮುಂದೆ ಹೋಗುವಂತಿರಲಿಲ್ಲ. ರುಪಾಲಿ ಒತ್ತಿದಳು. ಒಡನೆಯೇ ಅಭಿನಂದನೆ ಬಂತು.

ಅದರ ಅರ್ಥ ತಿಳಿದದ್ದು ಕೊಲ್ಹಾಪುರದ ಸಭೆಯಲ್ಲಿ. ಆ ಆ್ಯಪಿನ ಪ್ರತಿನಿಧಿ, ಇಸ್ತ್ರಿ ಮುರಿಯದ ಅಂಗಿಯ ತರುಣ, ಪರದೆಯ ಮೇಲೆ 'ನಮ್ಮಿಂದ ಕೆಲಸ ಸಿಕ್ಕ ಮಹಿಳೆಯರು' ಎಂದು ತೋರಿಸಿದ. ಮೂರನೆಯ ಸಾಲಿನಲ್ಲಿ ಬಾಗಿಲಲ್ಲಿ ನಿಂತ ತಾರವ್ವ ಇದ್ದಳು.

ನಿಜವಾದ ತಾರವ್ವ ಎದ್ದು ನಿಂತಳು. "ಅಲ್ಲೆ ಕೆಲಸ ಇರಲಿಲ್ರಿ. ಕಾರ್ಖಾನೆನ ಇರಲಿಲ್ಲ. ನನ್ನ ಫೋಟೋ ಅಲ್ಲಿಂದ ತಗೀರಿ."

"ತಾಂತ್ರಿಕ ದೋಷ ಇರಬಹುದು, ನೋಡೋಣ ತಾಯಿ," ಎಂದ ತರುಣ.

"ಈಗ ತಗೀರಿ. ನನ್ನ ಮಾರಿ ನೋಡಿ ಇನ್ನೊಬ್ಬಾಕಿ ಆ ಶಟರ್ ಮುಂದ ಹೋಗಿ ನಿಂದರತಾಳ."

ಸಂಸ್ಥೆಯ ಮೇಡಂ ಮೈಕಿನಲ್ಲಿ, ಈಗ ಸ್ಟಾರ್ ಮಾತ್ರ, ಅಭಿಪ್ರಾಯ ಬರವಣಿಗೆಯಲ್ಲಿ ಕೊಡಿ ಎಂದರು. ತಾರವ್ವ ಸ್ಟಾರ್ ಹಾಳೆಯನ್ನು ಖಾಲಿ ಬಿಟ್ಟಳು. ಬಂದವರಿಗೆಲ್ಲ ಆ್ಯಪಿನ ಹೆಸರಿದ್ದ ಸ್ಟೀಲಿನ ಡಬ್ಬಿ ಹಂಚಿದರು. ಅವಳು ಅದನ್ನು ಕುರ್ಚಿಯ ಮೇಲೇ ಬಿಟ್ಟು ಹೊರಗೆ ಹೋದಳು. ನಾನು ನನ್ನದನ್ನು ಮನೆಗೆ ತಂದೆ. ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೆ ಹೇಸಿಕೆಯಾಗುತ್ತದೆ.

ತಿಂಗಳ ಮೇಲೆ ವರದಿ ಬಂತು. ಆ ಆ್ಯಪಿಗೆ ನಾಲ್ಕು ಸ್ಟಾರ್. ಖಾಲಿ ಹಾಳೆಗಳನ್ನು ಎಣಿಕೆಯಿಂದ ಬಿಟ್ಟಿದ್ದರು. 'ಕಾರ್ಖಾನೆಯೇ ಇರಲಿಲ್ಲ' ಎಂದು ನಾನು ಬರೆದದ್ದು 'ಕೆಲವರಿಗೆ ಸ್ಥಳ ಪತ್ತೆಹಚ್ಚುವುದು ಕಷ್ಟವಾಯಿತು' ಎಂದಾಗಿತ್ತು. ಮಸಾಜಿನ ಮಾತು ಎಲ್ಲಿಯೂ ಇರಲಿಲ್ಲ. ಕೊನೆಯ ಪುಟದಲ್ಲಿ ಸಹಕರಿಸಿದವರ ನಡುವೆ ನನ್ನ ಹೆಸರಿತ್ತು. ಸಂಸ್ಥೆಗೆ ಫೋನು ಮಾಡಿ ಕೇಳಿದೆ. ಭಾಷೆ ಸ್ವಲ್ಪ ನಯ ಮಾಡಿದ್ದೇವೆ ಮಾಸ್ತರ, ಅಷ್ಟೇ ಎಂದರು. ನನ್ನ ಹೆಸರು ತೆಗೆಯಿರಿ ಎಂದೆ. ಅಚ್ಚಾಗಿ ಹೋಗಿದೆ ಎಂದರು.

ವರದಿಯನ್ನು ತಾರವ್ವನಿಗೆ ಓದಿ ಹೇಳಿದೆ. ಅವಳು ಮೆಂತೆ ಸೋಸುತ್ತಿದ್ದಳು, ತಲೆ ಎತ್ತಲಿಲ್ಲ.

"ನೀವು ಓದಿದವರ್ರಿ ಮಾಸ್ತರ. ಹಿಂಗ ಆಗತೈತಿ ಅಂತ ನಿಮಗ ಮೊದಲ ಗೊತ್ತಿರಲಿಲ್ಲೇನು?"

ನಾನು ವರದಿ ಮಡಚಿಕೊಂಡು ಎದ್ದೆ.

ದೀಪಾವಳಿಯ ನಂತರ ಅವಳಿಗೆ ಕೆಲಸ ಸಿಕ್ಕಿತು. ಜೊತೆಗೆ ಕಾಂಡಿ ತುಂಬುತ್ತಿದ್ದ ಚಂಪಾಬಾಯಿ ಟವೆಲ್ ಕಾರ್ಖಾನೆಯಲ್ಲಿ ಅಂಚಿನ ದಾರ ಕತ್ತರಿಸಲು ಸೇರಿದ್ದಳು. ಒಬ್ಬಳು ಬಿಟ್ಟುಹೋದ ದಿನ ಬಾಗಿಲಿಗೆ ಬಂದು, "ನಡಿ, ಜಾಗಾ ಖಾಲಿ ಐತಿ," ಎಂದಳಂತೆ. ತಾರವ್ವ ಚಪ್ಪಲಿ ಮೆಟ್ಟಿ ಹೊರಟಳು. ಗಲ್ಲಿಯಲ್ಲಿ ಎದುರಾದರೆ ನನ್ನನ್ನು ಮಾತಾಡಿಸುತ್ತಾಳೆ. ಆದರೆ ಏನನ್ನಾದರೂ ಬರೆದುಕೊಡಿ, ಓದಿ ಹೇಳಿರಿ ಎಂದು ಮೊದಲಿನ ಹಾಗೆ ಈಗ ನನ್ನ ಮನೆಗೆ ಬರುವುದಿಲ್ಲ.