ಕೊಟ್ಟೂರು ಕಣ್ಣೆದುರಿಗೇ ಇತ್ತು

ಬೆಳಿಗ್ಗೆ ಐದು ಗಂಟೆ ಎಂದರೆ ನನಗೆ ಐದೇ ಗಂಟೆ. ಹಾಸ್ಟೆಲ್ಲಿನ ಗಂಟೆ ಕೇಳಿ ಎದ್ದು ಓದಿದವನು, ಆಮೇಲೆ ನಿವೃತ್ತಿಯ ತನಕ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿ ಸೀಟಿ ಊದಿದವನು. ನನ್ನ ಗೆಳೆಯನಿಗೆ ಐದು ಗಂಟೆ ಎಂದರೆ ಕತ್ತಲು ಹರಿಯುವುದರೊಳಗೆ ಯಾವಾಗಲಾದರೂ. ಹಗರಿಬೊಮ್ಮನಹಳ್ಳಿಯ ಬಜಾರಿನಲ್ಲಿ ಅವನದು ಕಿರಾಣಿ ಅಂಗಡಿ. ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತವರು ನಾವು. ಅವನು ಆಗಲೂ ತಡವಾಗಿ ಬರುತ್ತಿದ್ದ.

ಡಯಾಲಿಸಿಸ್ ಮಾಡಿಸಿಕೊಳ್ಳುವವರನ್ನು ಹಳ್ಳಿಗಳಿಂದ ಆಸ್ಪತ್ರೆಗೆ ಕರೆದೊಯ್ಯಲು ಒಂದು ವ್ಯಾನು ಕೊಳ್ಳಬೇಕೆಂದು ಊರಿನ ಕೆಲವರು ಸೇರಿ ಎರಡು ದಿನದ ನಡಿಗೆ ಏರ್ಪಡಿಸಿದರು. ಹಡಗಲಿಯಿಂದ ಹೊರಟು, ರಾತ್ರಿ ನಮ್ಮೂರಲ್ಲಿ ತಂಗಿ, ಮರುದಿನ ಸಂಜೆ ಕೊಟ್ಟೂರು ಮುಟ್ಟುವುದು. ನಡೆಯುವವರು ತಮ್ಮ ತಮ್ಮ ಪರಿಚಯದವರಿಂದ ದೇಣಿಗೆ ಕೂಡಿಸಬೇಕು. ಹೆಸರು ಕೊಡೋಣ ಎಂದವನು ನಾನೇ. ಗೆಳೆಯ ಕೂಡಲೇ ಒಪ್ಪಿದ. ಕೊಟ್ಟೂರಿಗೆ ನಡೆಯುವುದು ಅವನಿಗೆ ಹೊಸದಲ್ಲ; ಅವರ ಮನೆಯವರು ಅಜ್ಜನ ಕಾಲದಿಂದ ವರ್ಷಕ್ಕೊಮ್ಮೆ ಅಲ್ಲಿನ ಗುಡಿಗೆ ಪಾದಯಾತ್ರೆ ಮಾಡುವವರು. ಆದರೆ ಅದಕ್ಕೆ ಮೂರು ತಿಂಗಳು ಅಭ್ಯಾಸ ಮಾಡಬೇಕು ಎಂದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ನಡಿಯಾಕ ಟ್ರೇನಿಂಗ್ ಬೇಕಂದ್ರ, ನಾಳಿಂದ ಉಣ್ಣಾಕೂ ಒಂದ್ ಕ್ಲಾಸ್ ಇಡಲೇ ಮಾಸ್ತರ.”

ಆದರೂ ಬಂದ. ದಿನಾ ಹಂಪಸಾಗರದ ರಸ್ತೆಯಲ್ಲಿ ನಮ್ಮ ನಡಿಗೆ. ಮೊದಲು ಕೈಕಾಲು ಸಡಿಲಿಸುವುದು, ಆಮೇಲೆ ಒಂದೇ ವೇಗ, ನಡುವೆ ನಿಲ್ಲುವಂತಿಲ್ಲ, ನೀರು ಗುಟುಕು ಗುಟುಕಾಗಿ. ಇವು ನನ್ನ ನಿಯಮ. ಅವನಿಗೆ ದಾರಿಯಲ್ಲಿ ಕಂಡವರೆಲ್ಲ ಗಿರಾಕಿಗಳು, ಇಲ್ಲವೆ ಗಿರಾಕಿಗಳ ಬೀಗರು. ಹೊಲಕ್ಕೆ ಹೊರಟ ಹೆಣ್ಣುಮಕ್ಕಳನ್ನು ನಿಲ್ಲಿಸಿ ಮಗಳ ಬಾಣಂತನ ವಿಚಾರಿಸುವನು. ಎಲ್ಲಿಗೆ ಇಷ್ಟು ದೌಡು ಎಂದು ಅವರು ಕೇಳಿದರೆ ನಾನು ವ್ಯಾನಿನ ವಿಷಯ ವಿವರಿಸುತ್ತಿದ್ದೆ. ಅವನು ಸುಮ್ಮನೆ ಕೊಟ್ಟೂರಿಗೆ ಎನ್ನುತ್ತಿದ್ದ. ಅವರು ಅಲ್ಲೇ ಕೈ ಮುಗಿದು, ನಮ್ಮದೂ ಒಂದು ಕಾಯಿ ಒಡೆಸಿರಿ ಎನ್ನುತ್ತಿದ್ದರು. ದೇಣಿಗೆಯೂ ಅವನಿಗೇ ಹೆಚ್ಚು ಬಂತು. ನಡಿಗೆ ಮುಗಿಸಿ ಬರುವಾಗ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಬೇಡ ಎಂದು ನಾನು ಹೇಳುವಷ್ಟರಲ್ಲಿ ನನ್ನ ತಟ್ಟೆಯೂ ಬಂದಿರುತ್ತಿತ್ತು. ಈಗ ನೆನೆದರೆ, ಆ ಮೂರು ತಿಂಗಳು ನಾನು ಅವನನ್ನು ಬೈದಷ್ಟು ಯಾವ ವಿದ್ಯಾರ್ಥಿಯನ್ನೂ ಬೈದಿಲ್ಲ, ಅಷ್ಟು ನಕ್ಕದ್ದೂ ಇಲ್ಲ.

ಅರವತ್ತು ದಾಟಿದವರು ಹೃದಯ ಪರೀಕ್ಷೆ ಮಾಡಿಸಿಕೊಂಡು ಬರಬೇಕೆಂದು ಆಯೋಜಕರು ಹೇಳಿದ್ದರು. ನಡಿಗೆಗೆ ಒಂದು ವಾರ ಇರುವಾಗ ಇಬ್ಬರೂ ಹೊಸಪೇಟೆಗೆ ಹೋದೆವು. ನನ್ನದು ಸರಿ ಇತ್ತು. ಅವನ ರಕ್ತನಾಳದಲ್ಲಿ ಅಡ್ಡಿ ಇರುವಂತಿದೆ, ಇನ್ನೂ ಪರೀಕ್ಷೆ ಆಗಬೇಕು, ಅಲ್ಲಿಯವರೆಗೆ ಆಯಾಸದ ಕೆಲಸ ಕೂಡದು ಎಂದರು ಡಾಕ್ಟರು. ಎದೆ ಹಿಡಿದಂತಾಗುತ್ತಿತ್ತೇ ಎಂದು ಅವರು ಕೇಳಿದಾಗ ಅವನು ನನ್ನ ಕಡೆ ನೋಡಿ, ಒಮ್ಮೊಮ್ಮೆ ಎಂದ. ಅವನು ದಾರಿಯಲ್ಲಿ ನಿಂತು ನಿಂತು ಮಾತಾಡಿದ್ದರಲ್ಲಿ ಎಷ್ಟು ಮಾತು, ಎಷ್ಟು ದಣಿವು ಎಂದು ಬಸ್ಸಿನಲ್ಲಿ ಕೂತು ಯೋಚಿಸಿದೆ.

ನಾನೂ ಹೋಗುವುದಿಲ್ಲ ಎಂದೆ. ಅವನು ಕೇಳಲಿಲ್ಲ. ನೀರು, ಬಾಳೆಹಣ್ಣು ಹೊತ್ತು ನಮ್ಮ ಹಿಂದೆ ಬರುವ ಟಾಟಾ ಏಸ್‌ನಲ್ಲಿ ಡ್ರೈವರನ ಪಕ್ಕ ಜಾಗ ಮಾಡಿಕೊಂಡ. ಅವನನ್ನು ಇಳಿಯಗೊಡಬೇಡಿ ಎಂದು ಅವನ ಹೆಂಡತಿ ನನಗೆ ಹೇಳಿ ಕಳಿಸಿದರು. ಆಗಲಿ ಎಂದು ಮಾತು ಕೊಟ್ಟೆ.

ಎರಡು ದಿನವೂ ಗಾಡಿಯ ಕಿಟಕಿಯಿಂದ ಅವನ ಧ್ವನಿ ಕೇಳುತ್ತಲೇ ಇತ್ತು. ಹಿಂದೆ ಬಿದ್ದವರಿಗೆ ಹುರುಪು ತುಂಬುವನು, ನನ್ನ ಬಿಗಿ ನಡಿಗೆಯನ್ನು ಅಣಕಿಸುವನು. ಎರಡನೆಯ ದಿನ ಸಂಜೆ ಕೊಟ್ಟೂರಿನ ಮನೆಗಳು ಕಾಣತೊಡಗಿದವು. ಗೆಳೆಯ ಗಾಡಿ ನಿಲ್ಲಿಸಲು ಹೇಳಿ ಕೆಳಗಿಳಿದ. ಚಪ್ಪಲಿ ಬಿಟ್ಟು ನನ್ನ ಹತ್ತಿರ ಬಂದ.

“ಇಷ್ಟ ದೂರ ಐತಲೇ, ನಡೀತೀನಿ.”

“ಬ್ಯಾಡ. ಹತ್ತು ಗಾಡಿ.”

“ನಮ್ಮ ಮನ್ಯಾಗ ಯಾರೂ ಗಾಡ್ಯಾಗ ಕುಂತು ಕೊಟ್ಟೂರ ಒಳಗ ಹೋದೋರಲ್ಲ. ನೀ ಕೈ ಹಿಡಕೊ, ಮೆಲ್ಲಕ ಹೋಗೂನು.”

ಇಳಿಬಿಸಿಲು, ಮುಂದೆ ಕೊನೆಯ ಏರು. ಅವನ ಮುಖ ಬೆವರಿತ್ತು. ಹಿಂದೆ ಜನ ನಿಂತಿದ್ದರು. ಮೈದಾನದಲ್ಲಿ ಹುಡುಗರಿಗೆ ಹೇಳುವ ದನಿಯಲ್ಲೇ ಹೇಳಿದೆ:

“ಒಂದ್ ಸಲ ಹೇಳಿದ್ರ ತಿಳ್ಯಂಗಿಲ್ಲೇನು? ಹತ್ತು.”

ಅವನು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಗಾಡಿ ಹತ್ತಿದ. ಕೊಟ್ಟೂರಿನೊಳಗೆ ಅವನು ನನ್ನ ಹಿಂದೆ ಬರುತ್ತಿದ್ದನೆಂದು ಗೊತ್ತಿದ್ದೂ ನಾನು ತಿರುಗಿ ನೋಡಲಿಲ್ಲ. ಹಾರ ಹಾಕಿದರು, ಫೋಟೋ ತೆಗೆದರು. ಅವನು ಗಾಡಿಯಿಂದ ಇಳಿಯಲೇ ಇಲ್ಲ. ಗುಡಿಗೆ ಬಾ ಎಂದು ಕರೆದೆ. ನೀನೇ ಹೋಗಿ ಬಾ, ಅವರ ಕಾಯಿಗಳನ್ನೂ ಒಡೆಸು ಎಂದು ಒಂದು ಚೀಲ ಕೊಟ್ಟ. ಹಂಪಸಾಗರದ ರಸ್ತೆಯಲ್ಲಿ ಯಾರು ಯಾರು ಹೇಳಿದ್ದರೋ, ಎಲ್ಲರದೂ ಅದರಲ್ಲಿತ್ತು.

ಮುಂದಿನ ವಾರ ಅವನಿಗೆ ಸ್ಟೆಂಟ್ ಹಾಕಿದರು. ಇನ್ನೂ ನಾಲ್ಕು ಹೆಜ್ಜೆ ಹತ್ತಿಸಿದ್ದರೆ ಏನಾಗುತ್ತಿತ್ತೋ ಎಂದು ಅವನ ಹೆಂಡತಿ ನನ್ನೆದುರು ಕಣ್ಣೊರೆಸಿಕೊಂಡರು. ನಾನು ಮಾಡಿದ್ದು ಸರಿ. ಇವತ್ತು ಅದೇ ಜಾಗದಲ್ಲಿ ನಿಲ್ಲಿಸಿದರೂ ಅವನನ್ನು ನಡೆಯಲು ಬಿಡಲಾರೆ. ಆದರೆ ಹೇಳುವುದಕ್ಕೆ ಬೇರೆ ದನಿಯೊಂದು ನನ್ನಲ್ಲಿ ಇರಬೇಕಿತ್ತು. ನಾನೂ ಅವನ ಜೊತೆ ಗಾಡಿ ಹತ್ತಿ ಕೂರಬಹುದಿತ್ತು. ಇಬ್ಬರೂ ಗಾಡಿಯಲ್ಲೇ ಒಳಗೆ ಹೋಗಿದ್ದರೆ ಅದು ಅವನೊಬ್ಬನ ಅವಮಾನವಾಗುತ್ತಿರಲಿಲ್ಲ. ಇದು ಆಗ ಹೊಳೆಯಲಿಲ್ಲ. ನಡಿಗೆ ಪೂರ್ತಿ ಮಾಡಬೇಕೆಂಬುದು ತಲೆಯಲ್ಲಿತ್ತು.

ಜಗಳವೇನೂ ಇಲ್ಲ. ಅಂಗಡಿಗೆ ಹೋದರೆ ಸ್ಟೂಲು ಸರಿಸಿ ಚಹಾ ತರಿಸುತ್ತಾನೆ. ದಿನಕ್ಕೆ ಅರ್ಧ ಗಂಟೆ ನಡೆಯಬಹುದೆಂದು ಡಾಕ್ಟರು ಹೇಳಿದಾಗ ನಾನು ಕರೆಯಲು ಹೋದೆ. ಎಷ್ಟೊತ್ತಿಗೆ ಬೇಕಾದರೂ ಬಾ, ಎಷ್ಟು ಮೆಲ್ಲಗೆ ಬೇಕಾದರೂ ನಡೆಯೋಣ ಎಂದೆ. ಅವನು ತಕ್ಕಡಿ ಒರೆಸುತ್ತ ನಕ್ಕ.

“ನಿನಗ ಯಾಕ ತ್ರಾಸು ಮಾಸ್ತರ. ನೀ ನಡಿ, ನಾ ಬರ್ತೀನಿ.”

ಬರಲಿಲ್ಲ. ಮೊನ್ನೆ ಹೊಲದಿಂದ ತಿರುಗಿ ಬರುವಾಗ ಅವನನ್ನು ಹಂಪಸಾಗರದ ರಸ್ತೆಯಲ್ಲಿ ಕಂಡೆ. ಯಾರದೋ ಎತ್ತಿನಗಾಡಿಯ ಪಕ್ಕದಲ್ಲಿ ಮಾತಾಡುತ್ತ ಸಾವಕಾಶವಾಗಿ ಹೋಗುತ್ತಿದ್ದ. ನನ್ನ ನಡಿಗೆಗೆ ಅವನನ್ನು ಮುಟ್ಟುವುದು ದೊಡ್ಡ ಮಾತಲ್ಲ. ಆದರೆ ನಾನು ಹೆಜ್ಜೆ ಕಿರಿದು ಮಾಡಿದೆ. ಊರು ಬರುವ ತನಕ ಅಷ್ಟೇ ದೂರದಲ್ಲಿ ಹಿಂದೆ ನಡೆದೆ.